ಬಿಪಿ ನೋಡುವ ಕಡೆ ಉಸಿರನ್ನೂ ನೋಡಿ

ಮಾನ್ಯ ಸಂಪಾದಕರೇ,

ಶ್ವಾಸಕೋಶ ಕೆಟ್ಟವರಿಗೆ ಹೃದಯಾಘಾತವೂ ಪಾರ್ಶ್ವವಾಯುವೂ ಬರುವ ಸಾಧ್ಯತೆ ಹೆಚ್ಚು ಎಂಬ ಸಂಶೋಧನೆಯ ಸುದ್ದಿ ಈಚೆಗೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಕಾಣಿಸುತ್ತದೆ. ಹತ್ತು ಸಾಲು ಬಂದು ಹೋಗುತ್ತದೆ. ಅದನ್ನು ಓದಿ ಪೇಪರ್ ಮಡಚಿಟ್ಟವರಲ್ಲಿ ನಾನೂ ಒಬ್ಬ. ಕಳೆದ ವರ್ಷದ ಮಳೆಗಾಲದ ಆಟಿ ತಿಂಗಳಲ್ಲಿ ಆ ಹತ್ತು ಸಾಲು ನಮ್ಮ ಮನೆಯ ಅಡುಗೆಕೋಣೆಯಲ್ಲೇ ನಡೆದುಹೋಯಿತು. ಹಾಗಾಗಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೆ ದಯವಿಟ್ಟು ಕತ್ತರಿಸಬೇಡಿ.

ಉಡುಪಿ-ಕಾರ್ಕಳ ರಸ್ತೆಯ ಬದಿಯ ಒಂದು ಸಣ್ಣ ಪೇಟೆಯಲ್ಲಿ ನಾನು 22 ವರ್ಷಗಳಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಅಮ್ಮನಿಗೆ ಈಗ 67. ಹನ್ನೆರಡನೇ ವಯಸ್ಸಿನಲ್ಲಿ ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ, ಮಡಿಲಿಗೆ ಬಂದದ್ದು, ಹೋದ ವರ್ಷದವರೆಗೂ ಇಳಿಯಲಿಲ್ಲ. ನನ್ನ ಡಿ.ಫಾರ್ಮಾದ ಫೀಸು ಆ ಬೀಡಿಯಿಂದಲೇ ಬಂದದ್ದು. ಬೆಳಿಗ್ಗೆ ಒಲೆ, ಮಧ್ಯಾಹ್ನ ಬೀಡಿ, ಸಂಜೆ ಬಚ್ಚಲ ಹಂಡೆಯ ಬೆಂಕಿ, ರಾತ್ರಿ ಮತ್ತೆ ಬೀಡಿ. ಮಳೆಗಾಲದಲ್ಲಿ ಕಟ್ಟಿದ ಬೀಡಿ ತೇವ ಹಿಡಿಯದ ಹಾಗೆ ತಡ್ಪೆ ಹಿಡಿದುಕೊಂಡು ಒಲೆಯ ಪಕ್ಕದಲ್ಲೇ ಕೂರುತ್ತಿದ್ದರು. ಒಂದು ದಿನವೂ ಬೀಡಿ ಸೇದಿದವರಲ್ಲ. ಕೆಮ್ಮು ಮಾತ್ರ ಅವರೊಟ್ಟಿಗೆ ಯಾವಾಗಲೂ ಇತ್ತು. ಬೆಳಿಗ್ಗೆ ಎದ್ದು ಅಂಗಳದ ಬದಿಗೆ ಹೋಗಿ ಐದು ನಿಮಿಷ ಕೆಮ್ಮಿ ಕಫ ಉಗುಳಿ ಬಂದರೆ ನಮಗೆ ಅದು ಕೋಳಿ ಕೂಗಿದ ಹಾಗೆ. ಗುಡ್ಡೆಯ ಮೇಲಿನ ದೇವಸ್ಥಾನಕ್ಕೆ ಹೋಗುವಾಗ ಅರ್ಧ ದಾರಿಯಲ್ಲಿ ನಿಂತು "ಸ್ವಲ್ಪ ದಮ್ಮು ಕಟ್ಟುತ್ತದೆ, ನೀವು ಹೋಗಿ" ಅನ್ನುತ್ತಿದ್ದರು. ಪ್ರಾಯ ಆಯಿತು ಎಂದು ನಾವೂ ಮುಂದೆ ಹೋಗುತ್ತಿದ್ದೆವು.

ಆ ಮಳೆಗೆ ಕೆಮ್ಮು ಜೋರಾಯಿತು. ಮೊದಲ ದಿನ ನನ್ನ ಅಂಗಡಿಯಿಂದಲೇ ಸಿರಪ್ ತಂದು ಕೊಟ್ಟೆ. ಐದನೇ ದಿನ ಕಫದ ಬಣ್ಣ ಬದಲಾಯಿತು, ರಾತ್ರಿ ಮಲಗಲು ಆಗದೆ ಗೋಡೆಗೆ ಒರಗಿ ಕೂತರು. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬಿಪಿ ನೋಡಿದರು, ಶುಗರ್ ನೋಡಿದರು, ಎರಡೂ ಪರವಾಗಿಲ್ಲ ಅಂದರು. ನೆಬುಲೈಸರ್ ಇಟ್ಟು ಆಂಟಿಬಯಾಟಿಕ್ ಕೊಟ್ಟರು. ಒಂಬತ್ತನೇ ದಿನಕ್ಕೆ ಕೆಮ್ಮು ಇಳಿಯಿತು. ಮನೆಯವರೆಲ್ಲ ಸಮಾಧಾನಪಟ್ಟೆವು.

ಹದಿಮೂರನೇ ದಿನ ಬೆಳಿಗ್ಗೆ ಅಮ್ಮ ಗಂಜಿಯ ತೆಳಿ ಬಗ್ಗಿಸುತ್ತಿದ್ದರು. ಬಲಗೈಯಿಂದ ಸೌಟು ಬಿತ್ತು. ಬಗ್ಗಿ ಹೆಕ್ಕಲು ನೋಡಿದರು, ಬೆರಳು ಸೌಟಿನ ಹಿಡಿಯನ್ನು ಮುಟ್ಟುತ್ತಿತ್ತು, ಹಿಡಿಯುತ್ತಿರಲಿಲ್ಲ. ನನ್ನ ಹೆಂಡತಿ "ಏನಾಯ್ತು ಅತ್ತೆ" ಅಂದಾಗ ತಿರುಗಿ ಏನೋ ಹೇಳಿದರು. ಮಾತು ಬಾಯೊಳಗೇ ಜಜ್ಜಿಹೋಯಿತು, ಬಾಯಿಯ ಬಲ ಮೂಲೆ ಜಾರಿತ್ತು. ಪಕ್ಕದ ಮನೆಯವರು ಓಡಿ ಬಂದು ವಾಯು ಹಿಡಿದಿದೆ, ಎಣ್ಣೆ ತಿಕ್ಕಿ ಎಂದರು. ಮುಖ ಓರೆ, ಕೈ ಬಲಹೀನ, ಮಾತು ತೊದಲು, ಮೂರೂ ಕಣ್ಣೆದುರೇ ಇದ್ದವು. ನಾನು ಕಾರು ತೆಗೆದೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೆ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು ಎಂಬುದು ನನಗೆ ಗೊತ್ತಿತ್ತು. ಎರಡು ಗಂಟೆಯ ಒಳಗೆ ದೊಡ್ಡಾಸ್ಪತ್ರೆ ಸೇರಿದೆವು, ಇಂಜೆಕ್ಷನ್ ಸಿಕ್ಕಿತು. ಅಮ್ಮ ಇವತ್ತು ಕೋಲು ಹಿಡಿದಾದರೂ ನಡೆಯುತ್ತಿದ್ದರೆ ಅದೇ ಕಾರಣ.

ಮರುದಿನ ನರರೋಗ ವಿಭಾಗದ ಡಾಕ್ಟರು ನನ್ನನ್ನು ಕರೆದು ಒಂದು ಪ್ರಶ್ನೆ ಕೇಳಿದರು. "ಹಿಂದಿನ ಎರಡು ಮೂರು ವಾರದಲ್ಲಿ ಜ್ವರ, ಕೆಮ್ಮು, ಕಫ ಏನಾದರೂ ಇತ್ತಾ?" "ಇತ್ತು ಡಾಕ್ಟ್ರೇ, ಆದರೆ ಅದು ಗುಣವಾಗಿದೆ" ಎಂದೆ. ಅವರು ತಲೆ ಅಲ್ಲಾಡಿಸಿ ಫೈಲಿನಲ್ಲಿ ಬರೆದುಕೊಂಡರು. ಇಷ್ಟು ವರ್ಷ ಔಷಧಿಯ ನಡುವೆ ನಿಂತ ನನಗೆ ಕೆಮ್ಮಿಗೂ ಅಮ್ಮನ ಕೈಗೂ ಸಂಬಂಧ ಇರಬಹುದೆಂದು ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಅಲ್ಲಿಂದ ಈಚೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓದುತ್ತಾ ಬಂದಿದ್ದೇನೆ. ಸಂಗತಿ ಹೊಸದೇನೂ ಅಲ್ಲ. ಊದುವ ಗಾಳಿಯನ್ನು ಅಳೆಯುವ ಸ್ಪೈರೋಮೀಟರ್ ಎಂಬ ಉಪಕರಣವನ್ನು ಇಂಗ್ಲೆಂಡಿನ ಜಾನ್ ಹಚಿನ್ಸನ್ ಎಂಬ ವೈದ್ಯರು 1846ರಲ್ಲೇ ಲೋಕದ ಮುಂದಿಟ್ಟರು. ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ನೋಡಿ, ಆ ಅಳತೆಗೆ 'ವೈಟಲ್ ಕೆಪಾಸಿಟಿ' ಎಂದು ಹೆಸರಿಟ್ಟರು. ಅಂದರೆ ಜೀವದ ಸಾಮರ್ಥ್ಯ. ಬಿಪಿ, ಕೊಲೆಸ್ಟರಾಲ್ ಹೃದಯಕ್ಕೆ ಕೆಟ್ಟದು ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನ. ಊದುವ ಶಕ್ತಿ ಕಡಿಮೆ ಇದ್ದವರಿಗೆ ಹೃದ್ರೋಗ ಹೆಚ್ಚು ಎಂದು ಅದೇ ಅಧ್ಯಯನದ ತಂಡ 1983ರಲ್ಲಿ ಬರೆಯಿತು. ಬಿಪಿ, ಕೊಲೆಸ್ಟರಾಲ್ ಮಾತು ಹಳ್ಳಿಹಳ್ಳಿಗೆ ಬಂತು. ಊದುವ ಮಾತು ಬರಲಿಲ್ಲ.

ಈಚಿನ ಸಂಶೋಧನೆ ತೋರಿಸುವುದು ಇನ್ನೂ ಹತ್ತಿರದ ಸಂಬಂಧ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಸಿಒಪಿಡಿ ಎನ್ನುತ್ತಾರಲ್ಲ, ಅದಿರುವ ಹದಿನಾರು ಸಾವಿರಕ್ಕೂ ಹೆಚ್ಚು ಜನರನ್ನು ಹಲವು ದೇಶಗಳಲ್ಲಿ ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನದ ಲೆಕ್ಕ 2018ರಲ್ಲಿ ಬಂತು. ಅವರೆಲ್ಲ ಮೊದಲೇ ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇದ್ದವರು. ಕೆಮ್ಮು-ದಮ್ಮು ಉಲ್ಬಣಿಸಿದ ಮೇಲಿನ 30 ದಿನಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಆಘಾತಗಳ ಅಪಾಯ ಹತ್ತಿರ ಹತ್ತಿರ ನಾಲ್ಕು ಪಟ್ಟು ಏರಿತ್ತು. ಉಲ್ಬಣಿಸಿ ಆಸ್ಪತ್ರೆ ಸೇರಿದವರಲ್ಲಂತೂ ಸುಮಾರು ಹತ್ತು ಪಟ್ಟು. ಆಮೇಲೆ ಇಂಗ್ಲೆಂಡ್, ಕೆನಡಾ ಮೊದಲಾದ ಕಡೆ ಆಸ್ಪತ್ರೆಯ ದಾಖಲೆಗಳನ್ನು ಹುಡುಕಿ ನೋಡಿದವರಿಗೂ ಇದೇ ಕಂಡಿತು. ಮೊದಲ ಕೆಲವು ವಾರ ಅಪಾಯ ಅತಿ ಹೆಚ್ಚು, ಆಮೇಲೆ ಇಳಿಯುತ್ತದೆ, ಆದರೆ ತಿಂಗಳುಗಟ್ಟಲೆ ಪೂರ್ತಿ ಇಳಿಯುವುದಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಫ್ಲೂ ಜ್ವರ ಪರೀಕ್ಷೆಯಲ್ಲಿ ಖಚಿತವಾದವರನ್ನು ನೋಡಿದಾಗ, ಮೊದಲ ಏಳು ದಿನ ಹೃದಯಾಘಾತದ ಸಾಧ್ಯತೆ ಉಳಿದ ದಿನಗಳಿಗಿಂತ ಆರು ಪಟ್ಟು ಎಂದು ಗೊತ್ತಾಯಿತು. ಅದೂ 2018ರ ವರದಿಯೇ. ಅಮ್ಮನ ಹದಿಮೂರನೇ ದಿನ ಮೊದಲು ಹೇಳಿದ ಆ 30 ದಿನಗಳ ಲೆಕ್ಕದೊಳಗೇ ಬರುತ್ತದೆ.

ಕೆಮ್ಮುವವರಿಗೆಲ್ಲ ಲಕ್ವ ಹೊಡೆಯುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ. ಹೆಚ್ಚಿನವರು ಕೆಮ್ಮಿ, ಕಷಾಯ ಕುಡಿದು ಹುಷಾರಾಗುತ್ತಾರೆ. ನಾನು ಹೇಳುವುದು ಒಳಗೆ ಶ್ವಾಸಕೋಶ ಆಗಲೇ ಸವೆದಿರುವವರ ಮಾತು. ಎದೆಯೊಳಗಿನ ಉರಿಯೂತ ಎದೆಯಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ರಕ್ತನಾಳದ ಗೋಡೆಯಲ್ಲಿ ವರ್ಷಗಳಿಂದ ಕೂತ ಕೊಬ್ಬಿನ ಪದರ ಬಿರಿಯಬಹುದು. ಆಮ್ಲಜನಕ ಕಡಿಮೆಯಾಗಿ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ, ಬಡಿತ ತಾಳ ತಪ್ಪುತ್ತದೆ. ತಾಳ ತಪ್ಪಿದ ಹೃದಯದಲ್ಲಿ ಹುಟ್ಟಿದ ಸಣ್ಣ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಅಮ್ಮನ ಹೃದಯದ ಬಡಿತ ಅಲ್ಲಿ ಮಾನಿಟರಿನಲ್ಲಿ ತಾಳ ತಪ್ಪಿದ್ದು ಸಿಕ್ಕಿತು. ಶ್ವಾಸಕೋಶದ ಕಾಯಿಲೆಗೂ ಹೃದಯಾಘಾತ, ಪಾರ್ಶ್ವವಾಯುವಿಗೂ ಬೀಡಿ ಸಿಗರೇಟು ಸೇದುವುದೇ ಸಮಾನ ಕಾರಣ ಇರಬಹುದಲ್ಲ ಎಂದು ಕೇಳುವವರಿದ್ದಾರೆ. ಸೇದುವ ಅಭ್ಯಾಸವನ್ನು ಲೆಕ್ಕದಿಂದ ಬೇರೆ ಮಾಡಿ ನೋಡಿದರೂ ಸಂಬಂಧ ಉಳಿಯುತ್ತದೆ ಎಂಬುದೇ ಈ ಅಧ್ಯಯನಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು.

ಏಕೆಂದರೆ ನಮ್ಮ ಕಡೆಯ ಹೆಂಗಸರು ಸೇದುವವರಲ್ಲ. ಹೊಗೆ ಕುಡಿಯುವವರು.

ಗ್ಯಾಸ್ ಬಂದ ಮೇಲೆ ಹೊಗೆ ಹೋಯಿತು ಎಂದು ಪೇಟೆಯವರಿಗೆ ಅನ್ನಿಸುತ್ತದೆ. ನಮ್ಮ ಮನೆಗಳಿಗೆ ಬಂದು ನೋಡಿ. ಸಿಲಿಂಡರ್ ಉಂಟು. ಅದರಲ್ಲಿ ಚಾ ಆಗುತ್ತದೆ, ನೆಂಟರು ಬಂದರೆ ಪಲ್ಯ ಆಗುತ್ತದೆ. ಕುಚ್ಚಲಕ್ಕಿ ಅನ್ನ ಮಾತ್ರ ಒಲೆಯಲ್ಲೇ. ಬೆಳ್ತಿಗೆಯ ಹಾಗೆ ಕಾಲು ಗಂಟೆಯಲ್ಲಿ ಬೇಯುವ ಅಕ್ಕಿ ಅಲ್ಲ ಅದು, ಗಂಟೆಗಟ್ಟಲೆ ಉರಿ ಬೇಕು. ಅಷ್ಟು ಗ್ಯಾಸ್ ಸುಟ್ಟರೆ ಸಿಲಿಂಡರ್ ತಿಂಗಳು ಬರುವುದಿಲ್ಲ. ಸ್ನಾನದ ಹಂಡೆಗೆ ತೋಟದ ಮಡಲು, ಗೆರಟೆ, ತೆಂಗಿನ ಸಿಪ್ಪೆ, ಅಡಿಕೆ ಹಾಳೆ. ಮಳೆಗಾಲದಲ್ಲಿ ಅದೆಲ್ಲ ಒದ್ದೆ. ಒದ್ದೆ ಸೌದೆ ಹೊತ್ತಿಕೊಳ್ಳಲು ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ ತುಂಡು. ಮಾಡು ತಗ್ಗಿದ ಬಚ್ಚಲು ಕೊಟ್ಟಿಗೆಯಲ್ಲಿ ಬಗ್ಗಿ ಕೂತು ಊದುಕೊಳವೆಯಿಂದ ಊದುವಾಗ ಉಸಿರೆಳೆದರೆ ಒಳಗೆ ಹೋಗುವುದು ಆ ಹೊಗೆಯೇ. ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನಲ್ಲಿ, ಗೇರುಬೀಜದ ಫ್ಯಾಕ್ಟರಿಯಲ್ಲಿ, ಕಲ್ಲುಕೋರೆಯಲ್ಲಿ ದುಡಿದವರ ಎದೆಯ ಕತೆ ಬೇರೆಯೇ ಉಂಟು. ರಾತ್ರಿಯಾದರೆ ಬಾಗಿಲು ಹಾಕಿ ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದರೆ ಹೊರಡುವ ಅತಿಸಣ್ಣ ಕಣ 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಅಳತೆ ಹೇಳುತ್ತದೆ. ಮಲೇರಿಯಾ ಕಂಡ ಊರಿನಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಪರದೆ ಕಟ್ಟಿ ಅನ್ನುತ್ತೇನೆ. ಬತ್ತಿ ಕೇಳಿದವರಿಗೆ ಈಗ ಇಷ್ಟನ್ನಾದರೂ ಹೇಳಿಯೇ ಕೊಡುತ್ತೇನೆ.

ಇನ್ನು ನನ್ನ ಕೌಂಟರಿನಲ್ಲಿ ನಾನು ಕಾಣುವುದನ್ನು ಹೇಳಬೇಕು. ದಮ್ಮು ಇದ್ದವರಲ್ಲಿ ಹೆಚ್ಚಿನವರಿಗೆ ಪಂಪು, ಅಂದರೆ ಇನ್‌ಹೇಲರ್, ಬೇಡ. "ಅಭ್ಯಾಸ ಆಗ್ತದಂತೆ ಅಣ್ಣ, ಆಮೇಲೆ ಬಿಡ್ಲಿಕ್ಕೆ ಆಗುದಿಲ್ಲಂತೆ." ಮಾತ್ರೆ ಬೇಕು. ಗಾಳಿದಾರಿ ಹಿಗ್ಗಿಸುವ ಥಿಯೋಫಿಲಿನ್ ಸೇರಿದ ಮಾತ್ರೆ, ಸ್ಟೀರಾಯ್ಡ್ ಮಾತ್ರೆ, ಎರಡನ್ನೂ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವವರಿದ್ದಾರೆ. ಮೊದಲನೆಯದು ಪ್ರಮಾಣ ಹೆಚ್ಚಾದರೆ ಹೃದಯದ ಬಡಿತ ಕೆಡಿಸುತ್ತದೆ, ಎರಡನೆಯದು ಬಿಪಿ, ಶುಗರ್ ಏರಿಸುತ್ತದೆ. ಎದೆಗೆ ಎಂದು ತಿಂದದ್ದು ಹೃದಯಕ್ಕೆ ಹೊರೆ. ಪಂಪಿನ ಔಷಧಿಯಾದರೆ ಅತಿ ಕಡಿಮೆ ಪ್ರಮಾಣದಲ್ಲಿ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಒಂದು ದಿನ ಒಬ್ಬರು ಹಿರಿಯರು, ಕೋರೆಯಲ್ಲಿ ಕೆಂಪುಕಲ್ಲು ಕಡಿದು ದುಡಿದವರು, ಖಾಲಿ ಡಬ್ಬಿ ಹಿಡಿದು ಬಂದರು. ಉಸಿರಲ್ಲಿ ಎಳೆದುಕೊಳ್ಳುವ ಪುಡಿಯ ಕ್ಯಾಪ್ಸೂಲ್. "ಇದು ತಿಂದು ಏನೂ ಪ್ರಯೋಜನ ಇಲ್ಲ ಮಾರಾಯರೇ." ಹೇಗೆ ತಗೊಳ್ತೀರಿ ಎಂದೆ. "ಊಟ ಆದ ಮೇಲೆ, ನೀರಲ್ಲಿ." ಎಂಟು ತಿಂಗಳು ಅವರು ಅದನ್ನು ನುಂಗಿದ್ದರು. ಅದನ್ನು ಹಾಕಿ ತಿರುಗಿಸಿ ಎಳೆಯುವ ಪ್ಲಾಸ್ಟಿಕ್ ಸಾಧನ ಮನೆಯ ಕಪಾಟಿನಲ್ಲಿ ಕವರು ಸಮೇತ ಇತ್ತು. ಚೀಟಿ ಬರೆದವರು ತೋರಿಸಿಕೊಡಲಿಲ್ಲ, ಮಾರಿದ ಅಂಗಡಿಯವರು ಕೇಳಲಿಲ್ಲ. ಅದು ನನ್ನ ಅಂಗಡಿ ಅಲ್ಲದಿದ್ದರೂ ನನಗೆ ಆ ದಿನ ಊಟ ಸೇರಲಿಲ್ಲ. ಈಗ ಯಾರೇ ಹೊಸದಾಗಿ ತೆಗೆದುಕೊಂಡರೂ ಖಾಲಿ ಸಾಧನ ಕೊಟ್ಟು ಒಮ್ಮೆ ಎಳೆದು ತೋರಿಸಿ ಎನ್ನುತ್ತೇನೆ. ಎರಡು ನಿಮಿಷದ ಕೆಲಸ. ನನ್ನ ವೃತ್ತಿಬಾಂಧವರಲ್ಲಿ ಕೈಮುಗಿದು ಕೇಳುತ್ತೇನೆ, ಅದೊಂದು ಮಾಡಿ.

ಅಮ್ಮನ ಎದೆಯ ಕಾಯಿಲೆಗೆ ಹೆಸರು ಸಿಕ್ಕಿದ್ದು ಪಾರ್ಶ್ವವಾಯುವಾಗಿ ಎರಡು ತಿಂಗಳ ಮೇಲೆ. ಅಷ್ಟು ದಿನ ಕಾದದ್ದಕ್ಕೆ ಕಾರಣವಿತ್ತು. ಆಘಾತದ ಬೆನ್ನಿಗೇ ಜೋರಾಗಿ ಊದಿಸಬಾರದು. ಮೂಗಿಗೆ ಕ್ಲಿಪ್ ಹಾಕಿ ಕೊಳವೆಯನ್ನು ಬಾಯಿಗೆ ಕೊಟ್ಟರು. ಪರೀಕ್ಷೆ ಮಾಡುವ ಹುಡುಗಿ ಎದುರು ನಿಂತು "ಊದಿ ಅಮ್ಮ, ಊದಿ ಊದಿ ಊದಿ, ಇನ್ನೂ ಉಂಟು, ಬಿಡಬೇಡಿ" ಎಂದು ಯಕ್ಷಗಾನದ ಭಾಗವತರು ಏರುಪದ ಎತ್ತಿದ ಹಾಗೆ ಹುರಿದುಂಬಿಸಿದಳು. ತುಟಿಯ ಬಲಬದಿ ಇನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲ, ಗಾಳಿ ಸೋರುತ್ತಿತ್ತು. ನನ್ನ ಹೆಂಡತಿ ಬೆರಳಿನಿಂದ ತುಟಿ ಒತ್ತಿ ಹಿಡಿದಳು. ಐದನೇ ಸಲಕ್ಕೆ ಸರಿಯಾದ ಗೆರೆ ಬಂತು. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಎಷ್ಟು ಬಂತು ಎಂಬುದು ಲೆಕ್ಕ. ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಗಾಳಿದಾರಿ ಕಿರಿದಾಗಿದೆ ಎಂದರ್ಥ. ಔಷಧಿ ಎಳೆಸಿದ ಮೇಲೆ ಊದಿದರೂ ಅಮ್ಮನದು 54. ಅಂಗಳದ ಬದಿಯ ಆ ಐದು ನಿಮಿಷದ ಕೆಮ್ಮಿಗೆ ಕಾಗದದ ಮೇಲೆ ಒಂದು ಅಂಕಿ ಬಿತ್ತು. ಇಪ್ಪತ್ತು ವರ್ಷ ಮೊದಲೇ ಬೀಳಬಹುದಿತ್ತು.

ಈಗ ಅಮ್ಮನಿಗೆ ಮೂರು ಕಡೆಯ ಚೀಟಿ. ಮಿದುಳಿನದ್ದು, ಹೃದಯದ್ದು, ಎದೆಯದ್ದು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವವನು ಮೆಡಿಕಲ್‌ನವನಾದ ನಾನೊಬ್ಬನೇ. ಹೃದಯದವರು ಬರೆದ, ಬಡಿತದ ವೇಗ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಇನ್ನೊಂದು ಕಡೆ "ದಮ್ಮು ಇದೆ, ನಿಲ್ಲಿಸಿ" ಎಂದರು. ಹೃದಯಕ್ಕೆ ಬೇಕಿದ್ದರೆ ಅದರಲ್ಲಿ ಹೃದಯದ ಮೇಲೆಯೇ ಹೆಚ್ಚು ಕೆಲಸ ಮಾಡುವ ಬಗೆಯನ್ನು ಸಿಒಪಿಡಿ ಇರುವವರಿಗೂ ಕೊಡಬಹುದು ಎಂದು ಈಗಿನ ಮಾರ್ಗಸೂಚಿಗಳೇ ಹೇಳುತ್ತವೆ. ನಾನು ಎರಡು ಸಲ ಓಡಾಡಿ, ಇಬ್ಬರನ್ನೂ ಫೋನಿನಲ್ಲಿ ಮಾತಾಡಿಸಿದ ಮೇಲೆ ಮಾತ್ರೆ ಮುಂದುವರಿಯಿತು. ಔಷಧಿ ಗೊತ್ತಿಲ್ಲದ ಮನೆಯವರು ಏನು ಮಾಡಬೇಕು? ಸೆಪ್ಟೆಂಬರ್ 29 ವಿಶ್ವ ಹೃದಯ ದಿನ, ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ, ನವೆಂಬರ್ ಮೂರನೇ ಬುಧವಾರ ವಿಶ್ವ ಸಿಒಪಿಡಿ ದಿನ. ಮೂರಕ್ಕೂ ಬೇರೆ ಬೇರೆ ಬ್ಯಾನರು, ಬೇರೆ ಬೇರೆ ಶಿಬಿರ. ಶಿಬಿರಕ್ಕೆ ಬರುವವರು ಮಾತ್ರ ಅದೇ ಜನ, ಅದೇ ಒಂದು ಎದೆ.

ಆರೋಗ್ಯ ಇಲಾಖೆಯಲ್ಲಿ ಮತ್ತು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಜನಪ್ರತಿನಿಧಿಗಳಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ನಮೂನೆಯಲ್ಲಿ ಉಸಿರಾಟದ ತೊಂದರೆ ಇದೆಯೇ, ಅಡುಗೆಗೆ ಯಾವ ಉರುವಲು ಎಂಬ ಪ್ರಶ್ನೆಗಳು ಈಗಾಗಲೇ ಇವೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ 2023ರಲ್ಲಿ ಹೊಸ ಹೆಸರು ಬಂದಾಗ ಸಿಒಪಿಡಿ, ಅಸ್ತಮಾ ಕೂಡ ಅದರೊಳಗೆ ಸೇರಿವೆ. ನಮ್ಮ ಬದಿಯ ಆಶಾ ಅಕ್ಕ ಆ ಕಾಲಂನಲ್ಲಿ 'ಸೌದೆ' ಎಂದು ಬರೆದುಕೊಂಡು ಹೋಗಿದ್ದಾರೆ. ಬರೆದ ಮೇಲೆ ಮುಂದೇನು? ಬಿಪಿ ಹೆಚ್ಚಿದ್ದರೆ ಮಾತ್ರೆ ಸಿಗುತ್ತದೆ, ಶುಗರ್ ಹೆಚ್ಚಿದ್ದರೆ ಮಾತ್ರೆ ಸಿಗುತ್ತದೆ. ಸೌದೆಗೆ, ಏದುಸಿರಿಗೆ ನಮ್ಮಲ್ಲಿ ಮುಂದಿನ ಮೆಟ್ಟಿಲೇ ಇಲ್ಲ. ಆ ಮೆಟ್ಟಿಲು ಊದುವ ಪರೀಕ್ಷೆ. ಕೈಯಲ್ಲಿ ಹಿಡಿಯುವಂಥ ಸ್ಪೈರೋಮೀಟರ್ ಒಂದು ಸ್ಕೂಟರಿನ ಬೆಲೆಯೊಳಗೆ ಸಿಗುತ್ತದೆ. ಪ್ರತಿ ತಾಲೂಕು ಆಸ್ಪತ್ರೆಗೆ ಒಂದು, ಅದನ್ನು ಹಿಡಿದು ವಾರಕ್ಕೊಂದು ಆರೋಗ್ಯ ಕೇಂದ್ರಕ್ಕೆ ಹೋಗುವ, ಚೆನ್ನಾಗಿ ತರಬೇತಾದ ಒಬ್ಬ ಸಿಬ್ಬಂದಿ. ತರಬೇತಿ ಇಲ್ಲದೆ ಯಂತ್ರ ಮಾತ್ರ ಕಳಿಸಿದರೆ ಅದು ಕಪಾಟಿನಲ್ಲೇ ಉಳಿಯುತ್ತದೆ, ಆ ಹಿರಿಯರ ಮನೆಯ ಸಾಧನದ ಹಾಗೆ.

ಆಗುವುದಿಲ್ಲ ಎಂದು ಹೇಳಬೇಡಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಇಸಿಜಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದಾಗಲೂ ಆಗುತ್ತದೆಯೇ ಎಂದು ಕೇಳಿದವರಿರಬಹುದು. ಆಯಿತು. ಇಸಿಜಿ ಹೋದ ದಾರಿಯಲ್ಲೇ ಉಸಿರಿನ ಯಂತ್ರವೂ ಹೋಗಬಹುದು.

ಇನ್ನೊಂದು ಮಾತು ವೈದ್ಯರಲ್ಲಿ. ಅರವತ್ತು ದಾಟಿದ, ದಮ್ಮು ಇರುವ ಒಬ್ಬರು ಕೆಮ್ಮು ಉಲ್ಬಣಿಸಿ ಬಂದು ಹುಷಾರಾಗಿ ಹೋಗುವಾಗ, ಮುಂದಿನ ಒಂದು ತಿಂಗಳು ಎದೆನೋವು, ಬಾಯಿ ಓರೆ, ಕೈ ಬಲಹೀನ ಕಂಡರೆ ತಡಮಾಡಬೇಡಿ ಎಂದು ಮನೆಯವರಿಗೆ ಒಂದು ವಾಕ್ಯ ಹೇಳಿ ಕಳಿಸಿ. ನಾಡಿ ಹಿಡಿದು ತಾಳ ಸರಿ ಇದೆಯೇ ನೋಡಿ. ಫ್ಲೂ ಲಸಿಕೆಯ ಬಗ್ಗೆಯೂ ಹೇಳಿ. ಹೃದಯಾಘಾತವಾದ ಕೂಡಲೇ ಆಸ್ಪತ್ರೆಯಲ್ಲೇ ಆ ಲಸಿಕೆ ಕೊಟ್ಟವರಲ್ಲಿ ಮುಂದಿನ ಒಂದು ವರ್ಷದ ಸಾವು ಕಡಿಮೆ ಕಂಡಿತು ಎಂದು 2021ರ ಒಂದು ದೊಡ್ಡ ಪ್ರಯೋಗ ತೋರಿಸಿದೆ. ನನ್ನ ಫ್ರಿಜ್ಜಿನಿಂದ ಆ ಲಸಿಕೆ ಹೋಗುವುದು ಮಕ್ಕಳ ಡಾಕ್ಟರ ಚೀಟಿಗೆ ಮಾತ್ರ. ಅಜ್ಜಿಯಂದಿರಿಗೆಂದು ಬರೆದ ಚೀಟಿ ಈ 22 ವರ್ಷದಲ್ಲಿ ಬೆರಳೆಣಿಕೆಯಷ್ಟೂ ಬಂದಿಲ್ಲ.

ಅಮ್ಮ ಈಗ ಬೆಳಿಗ್ಗೆ ಸಂಜೆ ಪಂಪು ಎಳೆದು, ಬಾಯಿ ಮುಕ್ಕಳಿಸಿ, ಜಗಲಿಯಲ್ಲಿ ಕೂರುತ್ತಾರೆ. ಹಂಡೆಯ ಬೆಂಕಿ ನಿಂತಿದೆ, ಸೋಲಾರ್ ಹಾಕಿಸಿದ್ದೇನೆ. ಅನ್ನಕ್ಕೆ ದೊಡ್ಡ ಕುಕ್ಕರ್ ಬಂದಿದೆ, ರುಚಿ ಇಲ್ಲ ಎಂಬ ದೂರು ದಿನಾ ಉಂಟು. ಫಿಸಿಯೋಥೆರಪಿಯವರು ಬಲಗೈಗೆ ಸ್ಪಂಜಿನ ಚೆಂಡು ಕೊಟ್ಟಿದ್ದರು. ಅಮ್ಮ ಅದನ್ನು ಬದಿಗಿಟ್ಟು ಒಂದು ಒಣ ಹಲಸಿನೆಲೆ ತರಿಸಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಸುತ್ತಲು ನೋಡುತ್ತಾರೆ. ಹೊಗೆಸೊಪ್ಪು ಇಲ್ಲದ ಬರೀ ಎಲೆ. ಅರ್ಧ ಸುತ್ತು ಬರುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ.

ಅಮ್ಮನೊಟ್ಟಿಗೆ ಅದೇ ಬ್ರಾಂಚಿಗೆ ಬೀಡಿ ಕೊಡುತ್ತಿದ್ದ ಹೆಂಗಸರಲ್ಲಿ ಬೆಳಿಗ್ಗೆ ಕೆಮ್ಮುವವರು, ಗುಡ್ಡೆ ಹತ್ತುವಾಗ ನಿಲ್ಲುವವರು ಯಾರ್ಯಾರು ಎಂದು ಅವರನ್ನೇ ಕೇಳಿ ಸ್ಟಾಕ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೇನೆ. ಹತ್ತೊಂಬತ್ತು ಹೆಸರು ಆಗಿದೆ. ಮೊದಲನೆಯದು ನನ್ನ ಚಿಕ್ಕಮ್ಮನದು. ಊದುವ ಯಂತ್ರ ನಮ್ಮ ಆರೋಗ್ಯ ಕೇಂದ್ರಕ್ಕೆ ಯಾವ ದಿನ ಬರುತ್ತದೆ ಎಂದು ಇಲಾಖೆಯವರು ತಿಳಿಸಲಿ. ಇವರೆಲ್ಲರನ್ನೂ ರಿಕ್ಷಾ ಮಾಡಿ ಕರೆದುಕೊಂಡು ಬರುವ ಜವಾಬ್ದಾರಿ ನನ್ನದು.

ಇತಿ,
ಒಬ್ಬ ಫಾರ್ಮಸಿಸ್ಟ್,
ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ